ಕೆಂಪು ಬಿಲ್ಡಿನ ಮೊದಲ ದೋಷ ಓದಿ: ಆದವಾನಿ ಸೀಮೆಯ ಸಾಫ್ಟ್‌ವೇರ್ ತಮ್ಮ ತಂಗಿಯರಿಗೆ ಬಹಿರಂಗ ಪತ್ರ



ಆಂಧ್ರದ ಆದವಾನಿ, ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರವಿ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿತು, ಆಮೇಲೆ ಇಂಜಿನಿಯರಿಂಗೋ ಎಂಸಿಎಯೋ ಮುಗಿಸಿ, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು ನೀವು. ಕೆಲವರು ಊರಿನ ಮನೆಯಿಂದಲೇ ಕೆಲಸ ಮಾಡುತ್ತೀರಿ. ಇನ್ನು ಕೆಲವರು ಸಂಬಳದ ಹಂಗಿಲ್ಲದೆ ಮುಕ್ತ ತಂತ್ರಾಂಶಗಳಿಗೆ ಕೋಡನ್ನೋ ಕನ್ನಡ ಅನುವಾದವನ್ನೋ ಕೊಡುತ್ತಿದ್ದೀರಿ. ನಿಮ್ಮಲ್ಲಿ ಹಲವರಿಂದ ನನಗೆ ಬರುವ ಸಂದೇಶ ಮಾತ್ರ ಒಂದೇ ಥರದ್ದು: ‘ಅಣ್ಣಾ, ಬಿಲ್ಡ್ ಫೇಲ್ ಆಗೈತೆ, ಏನ್ ಮಾಡ್ಲಿ?’ ಕೆಳಗೊಂದು ಸ್ಕ್ರೀನ್‌ಶಾಟ್. ಅದರಲ್ಲಿ ಲಾಗಿನ ಕಟ್ಟಕಡೆಯ ಸಾಲು: ‘ಪ್ರೋಸೆಸ್ ಕಂಪ್ಲೀಟೆಡ್ ವಿತ್ ಎಕ್ಸಿಟ್ ಕೋಡ್ 1’. ಆ ಸಾಲು ಹೇಳುವುದಿಷ್ಟೇ: ಕೆಟ್ಟಿದೆ. ಅದು ನಿಮಗೂ ಗೊತ್ತು, ಕೆಂಪು ಗುರುತು ನೋಡಿದ ಎಲ್ಲರಿಗೂ ಗೊತ್ತು.

ನಾನು ಉತ್ತರಿಸುವಷ್ಟರಲ್ಲಿ ಇನ್ನೊಂದು ಸಂದೇಶ ಬಂದಿರುತ್ತದೆ: ‘ಬಿಡಣ್ಣಾ, ರೀರನ್ ಕೊಟ್ಟೆ, ಪಾಸ್ ಆಯ್ತು.’ ನನಗೆ ಚಿಂತೆಯಾಗುವುದು ಈ ಎರಡನೆಯ ಸಂದೇಶ ನೋಡಿ. ಅದಕ್ಕೇ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವುದು ಬಿಟ್ಟು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದೇ. ಬಿಲ್ಡ್ ಕೆಂಪಾದಾಗ, ಅದೇಕೆ ಕೆಂಪಾಯಿತೆಂದು ಕನ್ನಡದಲ್ಲಿ ಒಂದು ವಾಕ್ಯ ಬರೆಯಲು ಬರುವವರೆಗೆ ಅದನ್ನೇ ಮತ್ತೆ ಓಡಿಸುವ ರೀರನ್ ಗುಂಡಿಗೆ ಕೈ ಹಾಕಬೇಡಿ.

ಈ ಕ್ಷೇತ್ರದವರಲ್ಲದವರೂ ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಒಂದು ತಂಡದಲ್ಲಿ ಹತ್ತು ಜನ ಕೋಡ್ ಬರೆಯುತ್ತಾರೆ. ಯಾರೇ ಹೊಸ ಬದಲಾವಣೆ ಸೇರಿಸಿದರೂ, ಎಲ್ಲೋ ಇರುವ ಒಂದು ಸರ್ವರ್ ತಾನಾಗಿಯೇ ಪೂರ್ತಿ ಕೋಡನ್ನು ಹೊಸದಾಗಿ ಇಳಿಸಿಕೊಂಡು, ಬೇಕಾದ ಲೈಬ್ರರಿಗಳನ್ನು ತಂದು, ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಓಡಿಸಿ, ನಡೆದದ್ದನ್ನೆಲ್ಲ ಲಾಗಿನಲ್ಲಿ ಬರೆಯುತ್ತದೆ. ಎಲ್ಲವೂ ಸರಿಯಾದರೆ ಹಸಿರು, ಒಂದು ತಪ್ಪಿದರೂ ಕೆಂಪು. ಹೀಗೆ ತಾನಾಗಿ ನಡೆಯುವ ಬಿಲ್ಡಿಗೆ ಕೆಲಸದವರು ‘ಸಿಐ’ ಅನ್ನುತ್ತಾರೆ. ಈಗ ಇದು ಎಲ್ಲ ಕಡೆ ಇದೆ. 2001ರಲ್ಲಿ ಕ್ರೂಸ್‌ಕಂಟ್ರೋಲ್ ಎಂಬ ಸಿಐ ಸಾಧನ ಬಂತು. ಆಮೇಲೆ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ‘ಹಡ್ಸನ್’ ಬರೆದರು, ಅದೇ 2011ರಲ್ಲಿ ‘ಜೆಂಕಿನ್ಸ್’ ಆಯಿತು. ಆತ ಅದನ್ನು ಬರೆದ ಕಾರಣ ನಿಮಗೆ ಹಿಡಿಸಬಹುದು. ತನ್ನ ಕೋಡಿನಿಂದ ಬಿಲ್ಡ್ ಮುರಿದು ಮತ್ತೆ ಮತ್ತೆ ತಂಡದವರಿಂದ ಬೈಸಿಕೊಳ್ಳುವುದು ಸಾಕಾಗಿ, ಅವರಿಗಿಂತ ಮೊದಲು ತನಗೇ ಗೊತ್ತಾಗಲಿ ಎಂದು ಬರೆದದ್ದು. ಬಿಲ್ಡ್ ಮುರಿಯುವುದು ಅವಮಾನವಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಹಾಗಿದ್ದರೂ ನೀವೇಕೆ ಲಾಗ್ ಓದುವುದಿಲ್ಲ? ಸೋಮಾರಿತನ ಅಂತ ನಾನು ಅಂದುಕೊಂಡಿಲ್ಲ. ಅದು ಇಂಗ್ಲಿಷಿನಲ್ಲಿದೆ, ಸಾವಿರಾರು ಸಾಲಿದೆ, ನೋಡಿದೊಡನೆ ಕಣ್ಣು ಕೊನೆಗೆ ಜಾರುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರಿಗೆ ಆ ರಾಶಿಯ ಮುಂದೆ ‘ಇದು ನನಗಲ್ಲ’ ಅನ್ನಿಸುವುದು ಸಹಜ. ಆದರೆ ನೀವು ಎಲ್ಲಿಯ ಮಕ್ಕಳು ಅನ್ನುವುದನ್ನೂ ನೆನೆಯಿರಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಆವಾಗಿನಿಂದ ನಮ್ಮವರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಹತ್ತಿ ಮಾರುಕಟ್ಟೆಯಲ್ಲಿ ಎರಡರ ಜೊತೆ ಉರ್ದುವನ್ನೂ ಆಡಿಕೊಂಡು ಬದುಕಿದ್ದಾರೆ. ಮಂಡಲ ಕಚೇರಿಯ ತೆಲುಗು ಅರ್ಜಿಯನ್ನು ಹತ್ತನೇ ವಯಸ್ಸಿಗೇ ಅಪ್ಪನಿಗೆ ಓದಿ ಹೇಳಿದವರು ನಿಮ್ಮಲ್ಲಿದ್ದಾರೆ. ಲಾಗಿನ ಭಾಷೆ ಅದಕ್ಕಿಂತ ತೀರಾ ಚಿಕ್ಕದು. ನಾಲ್ಕೈದು ಡಜನ್ ಮಾತು ಗೊತ್ತಿದ್ದರೆ ಮುಕ್ಕಾಲು ಪಾಲು ದಾರಿ ಸಾಗುತ್ತದೆ.

ಕೆಲವನ್ನು ಇಲ್ಲೇ ಬರೆಯುತ್ತೇನೆ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂದರೆ ಕಡತ ಇಲ್ಲ, ಇಲ್ಲವೇ ನೀವು ಬೇರೆ ಫೋಲ್ಡರಿನಲ್ಲಿ ನಿಂತು ಹುಡುಕುತ್ತಿದ್ದೀರಿ. ‘ಪರ್ಮಿಷನ್ ಡಿನೈಡ್’ ಅಂದರೆ ಕಡತ ಇದೆ, ಮುಟ್ಟಲು ಹಕ್ಕಿಲ್ಲ. ‘ಕಮಾಂಡ್ ನಾಟ್ ಫೌಂಡ್’ ಅಂದರೆ ಸಾಮಾನ್ಯವಾಗಿ ನೀವು ಕರೆದ ಸಾಧನ ಆ ಯಂತ್ರದಲ್ಲಿ ಸ್ಥಾಪನೆಯಾಗಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಹೆಚ್ಚಾಗಿ ಡೇಟಾಬೇಸಿನಂಥ ಯಾವುದೋ ಸೇವೆ ಇನ್ನೂ ಶುರುವಾಗಿಲ್ಲ, ನಿಮ್ಮ ಪರೀಕ್ಷೆ ಅವಸರಪಟ್ಟು ಮೊದಲೇ ಕೇಳಿದೆ. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂದರೆ ಡಿಸ್ಕ್ ತುಂಬಿದೆ.

ಮಾತೇ ಇಲ್ಲದೆ ಬರೀ ಅಂಕಿ ಉಳಿದಾಗಲೂ ಅದಕ್ಕೆ ಅರ್ಥ ಇರುತ್ತದೆ. ಎಕ್ಸಿಟ್ ಕೋಡ್ 127 ಆದರೆ ಕಮಾಂಡ್ ಸಿಗಲಿಲ್ಲ. 126 ಆದರೆ ಸಿಕ್ಕಿತು, ಓಡಿಸಲು ಆಗಲಿಲ್ಲ, ಬಹುಪಾಲು ಸ್ಕ್ರಿಪ್ಟಿಗೆ ಓಡುವ ಅನುಮತಿ ಕೊಟ್ಟಿರುವುದಿಲ್ಲ. 128ಕ್ಕಿಂತ ಹೆಚ್ಚಿನ ಅಂಕಿ ಬಂದರೆ ಸಾಮಾನ್ಯವಾಗಿ ಅದರಿಂದ 128 ಕಳೆಯಿರಿ, ಉಳಿದದ್ದು ಆ ಪ್ರಕ್ರಿಯೆಗೆ ಬಂದ ಸಿಗ್ನಲಿನ ಸಂಖ್ಯೆ. 139ರಲ್ಲಿ 11 ಉಳಿಯುತ್ತದೆ: ಪ್ರೋಗ್ರಾಂ ತನ್ನದಲ್ಲದ ಮೆಮೊರಿಯನ್ನು ಮುಟ್ಟಿ ಸತ್ತಿತು. 143ರಲ್ಲಿ 15: ಯಾರೋ ‘ನಿಲ್ಲು’ ಅಂದರು, ಹೆಚ್ಚಾಗಿ ಸಮಯದ ಮಿತಿ ಮುಗಿದಿರುತ್ತದೆ. 137ರಲ್ಲಿ 9: ಹೊರಗಿನಿಂದ ಬಲವಂತವಾಗಿ ಕೊಂದರು. ಈ 137ರಲ್ಲಿ ‘ಕಿಲ್ಡ್’ ಎನ್ನುವ ಒಂದೇ ಪದ ಬಿಟ್ಟು ಲಾಗಿನಲ್ಲಿ ಸಾಮಾನ್ಯವಾಗಿ ಬೇರೆ ಸುಳಿವು ಇರುವುದಿಲ್ಲ, ಏಕೆಂದರೆ ಸಾಯುವ ಪ್ರೋಗ್ರಾಮಿಗೆ ಬರೆಯಲು ಅವಕಾಶವೇ ಸಿಗುವುದಿಲ್ಲ. ಬಹುಪಾಲು ಸಲ ಮೆಮೊರಿ ಸಾಲದೆ ಕರ್ನೆಲ್ಲೇ ಕೊಂದಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಮುಗಿಯುವ ಕೆಲಸ ಸರ್ವರಿನ ಚಿಕ್ಕ ಕಂಟೇನರಿನಲ್ಲಿ ಹೀಗೆ ಸಾಯುತ್ತದೆ. ಆಗ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತರೆ ಬೆಳಗಾಗುತ್ತದೆ. ಒಟ್ಟೊಟ್ಟಿಗೆ ನಡೆಯುವ ಕೆಲಸಗಳನ್ನು ಕಡಿಮೆ ಮಾಡಿ ನೋಡಿ.

ಈಗ ಓದುವ ಕ್ರಮ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ನಮ್ಮ ರೈತ ಆ ಹೊಲದಲ್ಲೇ ನಿಂತು ನೆಲ ನೋಡುವುದಿಲ್ಲ. ಕಾಲುವೆ ಹಿಡಿದು ಮೇಲಕ್ಕೆ ನಡೆಯುತ್ತಾನೆ, ನೀರು ಎಲ್ಲಿಯವರೆಗೆ ಇದೆ, ಎಲ್ಲಿಂದ ಇಲ್ಲ ಎಂದು ನೋಡುತ್ತಾನೆ. ಲಾಗಿನ ಕೊನೆಯ ಸಾಲು ಆ ಕೊನೆಯ ಹೊಲ. ಮೊದಲ ದೋಷ ಸಿಗುವವರೆಗೆ ಮೇಲಕ್ಕೆ ಹೋಗಿ. ಒಂದು ಹೆಡರ್ ಕಡತ ಸಿಗದಿದ್ದರೆ ಕಂಪೈಲರ್ ಅದರ ಹಿಂದೆಯೇ ಇನ್ನೂರು ದೋಷ ಕಾರುತ್ತದೆ, ಆ ಇನ್ನೂರೂ ಮೊದಲನೆಯದರ ಮಕ್ಕಳು. ಮೊದಲನೆಯದನ್ನು ಸರಿಪಡಿಸಿ, ಉಳಿದವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಇದಕ್ಕೆ ಮೂರು ತಿದ್ದುಪಡಿಗಳಿವೆ. ‘ಮೇಕ್’ ಒಟ್ಟೊಟ್ಟಿಗೆ ಎಂಟು ಕೆಲಸ ಓಡಿಸುತ್ತಿದ್ದರೆ ಒಂದು ಕೆಲಸದ ದೋಷ ಉಳಿದ ಏಳರ ಸಾಲುಗಳ ನಡುವೆ ಹುದುಗಿಹೋಗುತ್ತದೆ. ಒಂದೊಂದನ್ನೇ ಓಡಿಸುವಂತೆ ಹೇಳಿ ಮತ್ತೊಮ್ಮೆ ನೋಡಿ, ಲಾಗ್ ತಿಳಿಯಾಗುತ್ತದೆ. ಜಾವಾ ದೋಷಗಳಲ್ಲಿ ‘ಕಾಸ್ಡ್ ಬೈ’ ಎಂಬ ಸಾಲುಗಳು ಒಂದರ ಕೆಳಗೊಂದು ಬರುತ್ತವೆ, ಅಲ್ಲಿ ಮೂಲ ಕಾರಣ ಎಲ್ಲಕ್ಕಿಂತ ಕೆಳಗಿನದು. ಪೈಥಾನಿನಲ್ಲೂ ಟ್ರೇಸ್‌ಬ್ಯಾಕಿನ ಕೊನೆಯ ಸಾಲೇ ದೋಷದ ಹೆಸರು, ಅದರ ಮೇಲಿನದು ಅಲ್ಲಿಗೆ ಬಂದ ದಾರಿ. ಅಂದರೆ ಇಡೀ ಲಾಗಿನಲ್ಲಿ ಮೊದಲ ದೋಷವನ್ನು ಹುಡುಕಿ, ಆ ದೋಷದೊಳಗೆ ಆಯಾ ಭಾಷೆಯ ಪದ್ಧತಿ ಹಿಡಿದು ಓದಿ.

ಮೊದಲ ದೋಷ ಸಿಕ್ಕಿತು. ಮುಂದಿನ ಪ್ರಶ್ನೆ: ಕೊನೆಯ ಹಸಿರು ಬಿಲ್ಡಿಗೂ ಮೊದಲ ಕೆಂಪು ಬಿಲ್ಡಿಗೂ ನಡುವೆ ಏನು ಬದಲಾಯಿತು? ಕೋಡ್ ಬದಲಾಗಿದ್ದರೆ ಸುಲಭ. ನಡುವೆ ಸಾವಿರ ಕಮಿಟ್ ಇದ್ದರೂ ಹೆದರಬೇಡಿ. ‘ಗಿಟ್ ಬೈಸೆಕ್ಟ್’ ಪ್ರತಿ ಸಲ ಅರ್ಧ ಅರ್ಧ ಮಾಡುತ್ತಾ ಸುಮಾರು ಹತ್ತು ಹೆಜ್ಜೆಯಲ್ಲಿ ತಪ್ಪಿತಸ್ಥ ಕಮಿಟನ್ನು ತೋರಿಸುತ್ತದೆ. ಪರೀಕ್ಷೆಯ ಕಮಾಂಡ್ ಒಂದನ್ನು ಕೊಟ್ಟರೆ ಆ ಹತ್ತನ್ನೂ ತಾನೇ ನಡೆಯುತ್ತದೆ.

ಕೋಡ್ ಒಂದಕ್ಷರ ಬದಲಾಗದೆ ನಿನ್ನೆ ಹಸಿರಿದ್ದದ್ದು ಇಂದು ಕೆಂಪಾದರೆ? ನಿಮ್ಮ ತಲೆ ಕೆಡುವುದು ಇಲ್ಲೇ. ಹಾಗಾದಾಗ ಬದಲಾದದ್ದು ಹೊರಗಿನ ಲೋಕ. 2016ರ ಮಾರ್ಚ್ 22ರಂದು ಅಜೆರ್ ಕೊಚುಲು ಎಂಬ ಡೆವಲಪರ್, ಒಂದು ಹೆಸರಿನ ಜಗಳದಿಂದ ಬೇಸತ್ತು, ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ಹಿಂತೆಗೆದ. ಅದರಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪ್ಯಾಕೇಜೂ ಇತ್ತು. ಅದರ ಹೆಸರನ್ನೇ ಕೇಳಿರದ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ಮುರಿದು ಬಿದ್ದವು, ಎನ್‌ಪಿಎಂನವರು ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಇಡಬೇಕಾಯಿತು. 2020ರ ಜನವರಿ 15ರಿಂದ ಮೇವನ್ ಸೆಂಟ್ರಲ್ ಬರೀ ಎಚ್‌ಟಿಟಿಪಿ ವಿಳಾಸಗಳಿಗೆ ಲೈಬ್ರರಿ ಕೊಡುವುದನ್ನು ನಿಲ್ಲಿಸಿತು, ಹಳೆಯ ವಿಳಾಸ ಇಟ್ಟುಕೊಂಡಿದ್ದ ಜಾವಾ ಬಿಲ್ಡುಗಳು ನಿಂತವು. ಅದೇ ವರ್ಷದ ನವೆಂಬರಿನಲ್ಲಿ ಡಾಕರ್ ಹಬ್, ಖಾತೆಯಿಲ್ಲದೆ ಇಮೇಜ್ ಇಳಿಸುವವರಿಗೆ ಆರು ಗಂಟೆಗೆ ನೂರು ಎಂಬ ಮಿತಿ ಹಾಕಿತು, ಒಂದೇ ವಿಳಾಸದಿಂದ ಹೊರಹೋಗುವ ಕಚೇರಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮಿತಿ ಮುಗಿಯಬಹುದಿತ್ತು. 2021ರ ಸೆಪ್ಟೆಂಬರ್ 30ರಂದು ‘ಲೆಟ್ಸ್ ಎನ್‌ಕ್ರಿಪ್ಟ್’ ಬಳಸುತ್ತಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಹಳೆಯ ಓಪನ್‌ಎಸ್‌ಎಸ್‌ಎಲ್ ಇದ್ದ ಯಂತ್ರಗಳು ಸರಿಯಾಗಿದ್ದ ತಾಣಗಳನ್ನೂ ನಂಬಲೊಲ್ಲದಾದವು.

ನನಗೆ ಎಲ್ಲಕ್ಕಿಂತ ಪಾಠವೆನಿಸಿದ್ದು 2023ರ ಜನವರಿ 30ರ ಪ್ರಕರಣ. ಗಿಟ್‌ಹಬ್ ತಾನಾಗಿ ತಯಾರಿಸಿ ಕೊಡುವ ಸಂಕುಚಿತ ಕಡತಗಳನ್ನು ಒತ್ತುವ ವಿಧಾನ ಬದಲಾಯಿತು. ಒಳಗಿನ ಕೋಡ್ ಒಂದು ಅಕ್ಷರವೂ ಬದಲಾಗಿರಲಿಲ್ಲ, ಹೊರಗಿನ ಬೈಟುಗಳು ಮಾತ್ರ ಬೇರೆಯಾದವು. ಕಡತದ ಚೆಕ್‌ಸಮ್ ತಾಳೆ ನೋಡುವ ಎಚ್ಚರಿಕೆಯ ಬಿಲ್ಡುಗಳೇ ಕೆಂಪಾದವು. ಗಿಟ್‌ಹಬ್ ಅದೇ ದಿನ ಬದಲಾವಣೆಯನ್ನು ಹಿಂದಕ್ಕೆ ಪಡೆಯಿತು. ಅಂದು ಕಾರಣ ಓದದೆ ಚೆಕ್‌ಸಮ್ ತಪಾಸಣೆಯನ್ನೇ ತೆಗೆದುಹಾಕಿದವರು ಹಸಿರನ್ನೇನೋ ಪಡೆದರು, ಆದರೆ ಕಳ್ಳ ಕಡತ ಒಳಬಂದರೆ ತಡೆಯುತ್ತಿದ್ದ ಕಾವಲನ್ನು ಕಳೆದುಕೊಂಡರು.

ಆದ್ದರಿಂದ ‘ಇತ್ತೀಚಿನದು ಯಾವುದಿದೆಯೋ ಅದು’ ಎಂದು ಕೇಳುವ ಬಿಲ್ಡ್ ಬರೆಯಬೇಡಿ. ಲೈಬ್ರರಿಗಳ ಆವೃತ್ತಿಯನ್ನು ಲಾಕ್ ಕಡತದಲ್ಲಿ ಕಟ್ಟಿಹಾಕಿ, ಸರ್ವರಿನಲ್ಲಿ ಆ ಲಾಕ್ ಕಡತದಂತೆಯೇ ಸ್ಥಾಪಿಸುವ ಕಮಾಂಡ್ ಬಳಸಿ. ಎನ್‌ಪಿಎಂನಲ್ಲಿ ಅದು ‘ಇನ್‌ಸ್ಟಾಲ್’ ಅಲ್ಲ, ‘ಸಿಐ’. ಬಿಲ್ಡ್ ಓಡುವ ಯಂತ್ರಕ್ಕೆ ‘ಉಬುಂಟು ಲೇಟೆಸ್ಟ್’ ಎಂದು ಬರೆದರೆ, ಅದು ಯಾವ ದಿನ ಹೊಸ ಆವೃತ್ತಿಗೆ ಜಿಗಿಯುತ್ತದೋ ಆ ದಿನ ನಿಮ್ಮ ಬಿಲ್ಡೂ ಜಿಗಿಯುತ್ತದೆ. ಆವೃತ್ತಿ ಹೆಸರಿಸಿದರೂ ಅದು ಶಾಶ್ವತವಲ್ಲ: ಉಬುಂಟು 20.04ರ ಯಂತ್ರಗಳನ್ನು ಗಿಟ್‌ಹಬ್ 2025ರ ಏಪ್ರಿಲಿನಲ್ಲಿ ತೆಗೆದುಹಾಕಿತು. ವ್ಯತ್ಯಾಸ ಇಷ್ಟೇ, ಹೆಸರಿಸಿದ್ದರೆ ಬದಲಾಯಿಸುವ ದಿನವನ್ನು ನೀವೇ ಆರಿಸಿಕೊಳ್ಳಬಹುದು.

ಇನ್ನು ‘ನನ್ನ ಸಿಸ್ಟಮಿನಲ್ಲಿ ಓಡ್ತೈತಣ್ಣಾ’ ಎಂಬ ಮಾತು. ನಂಬುತ್ತೇನೆ. ಆದರೆ ಆ ಮಾತನ್ನು ಹೇಳಿ ನಿಲ್ಲಬೇಡಿ, ಅಲ್ಲಿಂದ ಶುರುಮಾಡಿ: ನಿಮ್ಮ ಸಿಸ್ಟಮಿನಲ್ಲಿ ಇದ್ದು ಸರ್ವರಿನಲ್ಲಿ ಇಲ್ಲದ್ದು ಯಾವುದು? ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ವಿಂಡೋಸಿನಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟಿನ ಪ್ರತಿ ಸಾಲಿನ ತುದಿಯಲ್ಲಿ ಕಾಣದ ಒಂದು ಅಕ್ಷರ ಹೆಚ್ಚು ಕೂತಿರುತ್ತದೆ, ಲಿನಕ್ಸ್ ಅದನ್ನು ನೋಡಿ ‘ಬ್ಯಾಡ್ ಇಂಟರ್‌ಪ್ರಿಟರ್’ ಅನ್ನುತ್ತದೆ. ಗಿಟ್‌ಹಬ್‌ನಲ್ಲಿ ಬೇರೆಯವರ ಪ್ರಾಜೆಕ್ಟನ್ನು ಫೋರ್ಕ್ ಮಾಡಿ ಪುಲ್ ರಿಕ್ವೆಸ್ಟ್ ಕಳಿಸಿದರೆ ಆ ಬಿಲ್ಡಿಗೆ ಪ್ರಾಜೆಕ್ಟಿನ ಗುಪ್ತ ಕೀಲಿಗಳು ಸಿಗುವುದಿಲ್ಲ, ಅದು ಕಳ್ಳತನ ತಡೆಯಲು ಬೇಕೆಂದೇ ಮಾಡಿದ ವ್ಯವಸ್ಥೆ. ಮುಕ್ತ ತಂತ್ರಾಂಶಕ್ಕೆ ಮೊದಲ ಸಲ ಕೋಡ್ ಕೊಟ್ಟು, ಲಾಗಿನ್ ವಿಫಲ ಎಂಬ ಕೆಂಪು ಕಂಡು, ತನ್ನದೇ ತಪ್ಪೆಂದು ಹಿಂದೆ ಸರಿಯಬೇಡಿ. ಕಾರಣವನ್ನು ಎರಡು ಸಾಲಿನಲ್ಲಿ ಬರೆದು ತಿಳಿಸಿ. ಸರ್ವರ್ ಬಳಸುವ ಅದೇ ಡಾಕರ್ ಇಮೇಜನ್ನು ನಿಮ್ಮ ಯಂತ್ರಕ್ಕೆ ಇಳಿಸಿಕೊಂಡು, ಹೊಸದಾಗಿ ಕ್ಲೋನ್ ಮಾಡಿದ ಕೋಡಿನ ಮೇಲೆ ಅದೇ ಕಮಾಂಡ್ ಓಡಿಸಿದರೆ, ಈ ಬಗೆಯ ಸಮಸ್ಯೆಗಳಲ್ಲಿ ಬಹಳಷ್ಟು ಮನೆಯಲ್ಲೇ ಸಿಕ್ಕಿಬೀಳುತ್ತವೆ.

ರಾತ್ರಿ ಕೆಲಸ ಮಾಡುವವರು ನೀವು, ಹಾಗಾಗಿ ಒಂದನ್ನು ಬಿಡಿಸಿ ಹೇಳುತ್ತೇನೆ. ಬಿಲ್ಡ್ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಿಮ್ಮ ಕೋಡ್ ಭಾರತದ ತಾರೀಖು ಲೆಕ್ಕ ಹಾಕುತ್ತದೆ, ಪರೀಕ್ಷೆ ಯಂತ್ರದ ತಾರೀಖನ್ನು ಕೇಳುತ್ತದೆ ಅಂದುಕೊಳ್ಳಿ. ಹಗಲೆಲ್ಲ ಎರಡೂ ಒಂದೇ. ರಾತ್ರಿ 12 ಹೊಡೆದ ಕೂಡಲೇ ನಮಗೆ ನಾಳೆಯಾಗುತ್ತದೆ, ಸರ್ವರಿಗೆ ಇನ್ನೂ ಇಂದೇ. ನಸುಕಿನ 5.30ರವರೆಗೆ ಆ ಪರೀಕ್ಷೆ ಫೇಲ್. ನೀವು ರಾತ್ರಿ ಒಂದು ಗಂಟೆಗೆ ಕೋಡ್ ಕಳಿಸಿ, ಕೆಂಪು ನೋಡಿ, ಏನೇನೋ ತಿದ್ದಿ, ಸೋತು ಮಲಗುತ್ತೀರಿ. ಬೆಳಿಗ್ಗೆ ಎದ್ದು ರೀರನ್ ಒತ್ತುತ್ತೀರಿ, ಪಾಸ್. ರಾತ್ರಿ ಮಾಡಿದ ಯಾವುದೋ ತಿದ್ದುಪಡಿ ಕೆಲಸ ಮಾಡಿತೆಂದು ನಂಬುತ್ತೀರಿ. ಅದು ಏನೂ ಮಾಡಿಲ್ಲ, ಹೊತ್ತು ಮೂಡಿದೆ ಅಷ್ಟೆ. ಫೇಲಾದ ಬಿಲ್ಡುಗಳ ಹೊತ್ತನ್ನು ಸಾಲಾಗಿ ಬರೆದುನೋಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಇನ್ನೊಂದು ನಮ್ಮ ಕನ್ನಡದ್ದೇ ಪ್ರಸಂಗ. ಇದನ್ನು ಬೆಂಗಳೂರಿನ ದೊಡ್ಡ ತಂಡಗಳಲ್ಲೂ ಎಲ್ಲರೂ ಬಲ್ಲರೆಂದು ಹೇಳಲಾರೆ, ನೀವು ಬಲ್ಲವರಾಗಬೇಕು. ನಮ್ಮ ಮಂಡಲಗಳ ಹೆಸರು ಹುಡುಕುವ ಒಂದು ಚಿಕ್ಕ ಆ್ಯಪಿಗೆ ಪರೀಕ್ಷೆ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಆದವಾನಿ ಪಾಸ್, ಕೌತಾಳಂ ಪಾಸ್, ಆಲೂರು ಪಾಸ್. ಕೋಸಿಗಿ ಫೇಲ್, ಹೊಳಗುಂದ ಫೇಲ್. ಲಾಗ್ ಹೇಳುತ್ತದೆ: ಬೇಕಾದದ್ದು ‘ಕೋಸಿಗಿ’, ಸಿಕ್ಕಿದ್ದು ‘ಕೋಸಿಗಿ’. ಕಣ್ಣಿಗೆ ಎರಡೂ ಒಂದೇ. ಇಲ್ಲಿ ರೀರನ್ ಒತ್ತಿ ಒತ್ತಿ ಬೆರಳು ಸವೆದರೂ ಪ್ರಯೋಜನವಿಲ್ಲ.

ಬೈಟುಗಳನ್ನು ಎಣಿಸಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಕೋಸಿಗಿ ಎಂಬುದು ಕ, ಓಕಾರದ ಚಿಹ್ನೆ, ಸ, ಇಕಾರದ ಚಿಹ್ನೆ, ಗ, ಇಕಾರದ ಚಿಹ್ನೆ: ಆರು ಸಂಕೇತ, 18 ಬೈಟ್. ಆದರೆ ಯುನಿಕೋಡಿನಲ್ಲಿ ಆ ಓಕಾರವನ್ನು ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು, ಆಗ 21 ಬೈಟ್. ಪೂರ್ತಿ ಬಿಡಿಸಿ ಮೂರಾಗಿ ಬರೆದರೆ 24. ಮೂರೂ ನ್ಯಾಯವಾದ ಬರಹವೇ, ತೆರೆಯ ಮೇಲೆ ಮೂರೂ ಒಂದೇ ರೂಪ. ಹೀಗೆ ಬಿಡಿಸಲು ಬರುವುದು ಈ, ಏ, ಐ, ಒ, ಓ ಈ ಐದರ ಚಿಹ್ನೆಗಳು ಮಾತ್ರ. ಔ ಚಿಹ್ನೆ ಬಿಡಿಸಲು ಬರುವುದಿಲ್ಲ, ಹಾಗಾಗಿ ಕೌತಾಳಂ ಬಚಾವಾಯಿತು. ಹಳೆಯ ಮ್ಯಾಕ್ ಕಡತವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು, ಲಿನಕ್ಸ್ ಬೈಟ್ ಬೇರೆಯಾದರೆ ಹೆಸರೇ ಬೇರೆ ಅನ್ನುತ್ತದೆ. ಪರಿಹಾರ ಸರಳ: ಹೋಲಿಸುವ ಮುನ್ನ ಎರಡೂ ಕಡೆಯ ಪಠ್ಯವನ್ನು ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಇದೇ ಜಾತಿಯ ಇನ್ನೊಂದು ತೊಡಕು ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತ. ಒಬ್ಬರು ಅದನ್ನು ಹಾಕಿ ಬರೆಯುತ್ತಾರೆ, ಒಬ್ಬರು ಹಾಕುವುದಿಲ್ಲ. ಅದು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಹುಡುಕುವಾಗ ನೀವೇ ತೆಗೆಯಬೇಕು.

ಅನುವಾದ ಮಾಡುವವರೂ ಬಿಲ್ಡ್ ಮುರಿಯಬಲ್ಲಿರಿ, ಅದಕ್ಕೆ ಕಾರಣ ನಮ್ಮ ವಾಕ್ಯದ ನಡೆ. ‘ಇಷ್ಟು ಕಡತಗಳನ್ನು ಇಂಥ ಫೋಲ್ಡರಿಗೆ ನಕಲಿಸಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲಿನಲ್ಲಿ ಮೊದಲು ಕಡತಗಳ ಸಂಖ್ಯೆ, ಆಮೇಲೆ ಫೋಲ್ಡರಿನ ಹೆಸರು ಬರುತ್ತದೆ. ನಮಗೆ ‘ಚಿತ್ರಗಳು ಫೋಲ್ಡರಿಗೆ 5 ಕಡತ ನಕಲಾಗಿವೆ’ ಅನ್ನುವುದು ಸಲೀಸು. ಫೋಲ್ಡರ್ ಮುಂದೆ ಬಂತು, ಸಂಖ್ಯೆ ಹಿಂದೆ ಹೋಯಿತು. ಸಂಖ್ಯೆಗೂ ಹೆಸರಿಗೂ ಇಟ್ಟ ಶೇಕಡಾ ಗುರುತಿನ ಜಾಗಸೂಚಕಗಳನ್ನು ಸುಮ್ಮನೆ ಅದಲುಬದಲು ಮಾಡಿದರೆ ಪ್ರೋಗ್ರಾಂ ಫೋಲ್ಡರಿನ ಹೆಸರನ್ನು ಸಂಖ್ಯೆ ಎಂದು ಓದಲು ಹೋಗುತ್ತದೆ. ಅನುವಾದಕ್ಕೆ ಬಳಸುವ ಗೆಟ್‌ಟೆಕ್ಸ್ಟಿನ ತಪಾಸಣೆ ಇದನ್ನು ಹಿಡಿದು ಬಿಲ್ಡನ್ನೇ ನಿಲ್ಲಿಸುತ್ತದೆ. ಆಂಡ್ರಾಯ್ಡ್ ಇನ್ನೂ ಕಟ್ಟುನಿಟ್ಟು: ಒಂದಕ್ಕಿಂತ ಹೆಚ್ಚು ಜಾಗಸೂಚಕ ಇದ್ದರೆ ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರಲಿ ಅನ್ನುತ್ತದೆ. ಹೆದರಿ ಇಂಗ್ಲಿಷಿನ ಸಾಲಿನಂತೆ ಕನ್ನಡವನ್ನು ತಿರುಚಬೇಡಿ. ಜಾಗಸೂಚಕಕ್ಕೆ ಒಂದು, ಎರಡು ಎಂದು ಸಂಖ್ಯೆ ಕೊಟ್ಟು ಕನ್ನಡವನ್ನು ಕನ್ನಡದ ಹಾಗೆಯೇ ಬರೆಯಿರಿ. ಕೆಂಪು ಗುರುತಿನ ಕಾರಣ ಓದದಿದ್ದವರು ಇಲ್ಲಿ ಕೆಡಿಸುವುದು ಬಿಲ್ಡನ್ನಲ್ಲ, ಭಾಷೆಯನ್ನು.

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳಬಹುದು: ‘ಅಣ್ಣಾ, ನೀವೂ ರೀರನ್ ಒತ್ತಲ್ವಾ?’ ಒತ್ತುತ್ತೇನೆ. ನೆಟ್‌ವರ್ಕ್ ಕೈಕೊಟ್ಟಿತು, ಪ್ಯಾಕೇಜ್ ಸರ್ವರ್ ಐದು ನಿಮಿಷ ಮಲಗಿತ್ತು ಎಂದು ಲಾಗಿನಲ್ಲಿ ಕಂಡರೆ ರೀರನ್ನೇ ಸರಿಯಾದ ಮದ್ದು. ಕಾರಣ ಕಾಣದಿದ್ದಾಗಲೂ ರೀರನ್ ಒಂದು ಪ್ರಯೋಗವಾಗಬಹುದು, ಫಲಿತಾಂಶವನ್ನು ಬರೆದಿಟ್ಟುಕೊಂಡರೆ ಮಾತ್ರ. ಏನನ್ನೂ ಬದಲಾಯಿಸದೆ ಓಡಿಸಿದಾಗ ಕೆಂಪಿದ್ದದ್ದು ಹಸಿರಾದರೆ ಸಮಸ್ಯೆ ಮುಗಿದಂತಲ್ಲ, ಹೊಸದೊಂದು ಸಂಗತಿ ಗೊತ್ತಾಯಿತು ಎಂದರ್ಥ: ಈ ಪರೀಕ್ಷೆ ಒಂದೇ ಕೋಡಿಗೆ ಎರಡು ಉತ್ತರ ಕೊಡುತ್ತದೆ. ಹೊತ್ತು, ಓಟದ ಕ್ರಮ, ಎರಡು ಥ್ರೆಡ್‌ಗಳ ಪೈಪೋಟಿ, ಹಿಂದಿನ ಪರೀಕ್ಷೆ ಬಿಟ್ಟುಹೋದ ಕಸ, ಇವುಗಳಲ್ಲಿ ಒಂದರ ಮೇಲೆ ಅದು ನಿಂತಿದೆ. ಕ್ಯಾಶ್ ಅಳಿಸಿ ಓಡಿಸಿದಾಗ ಮಾತ್ರ ಹಸಿರಾದರೆ ಕ್ಯಾಶಿನ ಕೀಲಿ ಲಾಕ್ ಕಡತಕ್ಕೆ ಕಟ್ಟಿಕೊಂಡಿಲ್ಲ ಎಂದು ಶಂಕಿಸಿ.

ಇಂಥ ಚಂಚಲ ಪರೀಕ್ಷೆಗಳು ಸಣ್ಣ ಕಾಟವಲ್ಲ. ಗೂಗಲ್ 2016ರಲ್ಲಿ ತನ್ನ ಲೆಕ್ಕ ಹೊರಗಿಟ್ಟಿತು. ಅಲ್ಲಿನ ಪರೀಕ್ಷೆಗಳಲ್ಲಿ ಸುಮಾರು ಶೇಕಡಾ 16 ಒಂದಲ್ಲ ಒಂದು ಮಟ್ಟಕ್ಕೆ ಚಂಚಲವಾಗಿದ್ದವು. ಪಾಸಿನಿಂದ ಫೇಲಿಗೆ ತಿರುಗಿದ ಸಂದರ್ಭಗಳಲ್ಲಿ ಶೇಕಡಾ 84 ಇಂಥ ಪರೀಕ್ಷೆಗಳದ್ದೇ ಆಗಿತ್ತು. ಈ ಅಂಕಿಯನ್ನು ನೋಡಿ ‘ಹಾಗಾದರೆ ರೀರನ್ ಒತ್ತಿದರೆ ಸಾಕಲ್ಲ’ ಅನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ನೂರು ಕೆಂಪಿನಲ್ಲಿ ಎಂಬತ್ತನಾಲ್ಕು ಹುಸಿಯಾದರೆ ಉಳಿದ ಹದಿನಾರು ನಿಜವಾದವು, ಆದರೆ ಎಲ್ಲಕ್ಕೂ ರೀರನ್ ಒತ್ತುವ ಕೈಗೆ ಆ ಹದಿನಾರರ ಮೇಲೂ ನಂಬಿಕೆ ಉಳಿದಿರುವುದಿಲ್ಲ. ಎರಡು ಥ್ರೆಡ್‌ಗಳ ಪೈಪೋಟಿ ನಿಮ್ಮ ಪರೀಕ್ಷೆಯಲ್ಲಿ ಇರದೆ ಹಣ ವರ್ಗಾಯಿಸುವ ಕೋಡಿನಲ್ಲೇ ಇದ್ದರೆ, ಇಪ್ಪತ್ತು ಸಲಕ್ಕೊಮ್ಮೆ ಫೇಲಾಗುತ್ತಿದ್ದ ಆ ಪರೀಕ್ಷೆ ಸತ್ಯವನ್ನೇ ಹೇಳುತ್ತಿತ್ತು. ಅದೇ ದೋಷ ಮುಂದೆ ಬಳಕೆದಾರನ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ, ಅಲ್ಲಿ ರೀರನ್ ಗುಂಡಿ ಇರುವುದಿಲ್ಲ.

ನಿಮ್ಮ ಮೇಲಿನವರ ಒತ್ತಡವೂ ನನಗೆ ಗೊತ್ತು. ಶುಕ್ರವಾರ ಸಂಜೆ ಆರಕ್ಕೆ ‘ಹೇಗಾದರೂ ಮಾಡಿ ಹಸಿರು ಮಾಡು’ ಅನ್ನುತ್ತಾರೆ. ಆಗ ಕೈ ಹೋಗುವ ದಾರಿಗಳು ಗೊತ್ತಿವೆ: ಪರೀಕ್ಷೆಯನ್ನು ಸ್ಕಿಪ್ ಎಂದು ಗುರುತಿಸುವುದು, ಕಮಾಂಡಿನ ಕೊನೆಗೆ ‘ಆರ್ ಟ್ರೂ’ ಸೇರಿಸಿ ದೋಷವನ್ನು ನುಂಗಿಸುವುದು, ಫೇಲಾದರೂ ಮುಂದುವರಿ ಎಂಬ ಸಾಲನ್ನು ವರ್ಕ್‌ಫ್ಲೋನಲ್ಲಿ ತೂರಿಸುವುದು. ಹೊಸಬರಾದ ನೀವು ಬೇಡ ಅನ್ನಲಾಗದೆ ಮಾಡಿಬಿಡುತ್ತೀರಿ, ಆರು ತಿಂಗಳಾದ ಮೇಲೆ ಏನಾದರೂ ಕೆಟ್ಟಾಗ ಗಿಟ್ ಇತಿಹಾಸದಲ್ಲಿ ಆ ಸಾಲಿನ ಪಕ್ಕ ನಿಮ್ಮ ಹೆಸರಿರುತ್ತದೆ, ಹೇಳಿದವರ ಹೆಸರಿರುವುದಿಲ್ಲ. ಜಗಳಕ್ಕೆ ನಿಲ್ಲಿ ಅನ್ನುತ್ತಿಲ್ಲ. ಪರೀಕ್ಷೆಯನ್ನು ಬದಿಗಿಡಲೇಬೇಕಾದರೆ ಇಡಿ, ಆದರೆ ಏಕೆ ಇಟ್ಟೆ, ಯಾರು ಹೇಳಿದರು, ಯಾವ ತಾರೀಖಿನೊಳಗೆ ಮರಳಿ ಹಾಕುತ್ತೇನೆ ಎಂದು ಕಮಿಟ್ ಸಂದೇಶದಲ್ಲೇ ಬರೆದು, ಅದಕ್ಕೊಂದು ಟಿಕೆಟ್ ತೆರೆಯಿರಿ. ಬರೆದಿಟ್ಟವರನ್ನು ದೂರುವುದು ಕಷ್ಟ.

ಕಡೆಯದಾಗಿ, ಇನ್ನು ಮುಂದೆ ನನಗೆ ಸಂದೇಶ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ. ನಾಲ್ಕು ಸಂಗತಿ ಬರೆದು ಕಳಿಸಿ: ಲಾಗಿನ ಮೊದಲ ದೋಷದ ಸಾಲು ಇದ್ದ ಹಾಗೆ, ಕೊನೆಯ ಹಸಿರು ಬಿಲ್ಡ್ ಯಾವಾಗಿನದು, ಅಲ್ಲಿಂದ ಇಲ್ಲಿಗೆ ಏನು ಬದಲಾಗಿದೆ, ಕಾರಣ ಏನಿರಬಹುದೆಂದು ನಿಮ್ಮ ಊಹೆ. ಊಹೆ ತಪ್ಪಿರಲಿ, ಪರವಾಗಿಲ್ಲ, ಕನ್ನಡದಲ್ಲಿರಲಿ. ತನ್ನ ಭಾಷೆಯಲ್ಲಿ ಹೇಳಲಾಗದ ಕಾರಣ ಇನ್ನೂ ಅರ್ಥವಾಗದ ಕಾರಣವೇ. ಈ ನಾಲ್ಕನ್ನೂ ಬರೆದು ಮುಗಿಸುವ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಹಂಗು ಬೇಕಾಗುವುದಿಲ್ಲ. ಉಳಿದರ್ಧಕ್ಕೆ ಎಷ್ಟು ಹೊತ್ತಾದರೂ ಉತ್ತರಿಸುತ್ತೇನೆ. ಮತ್ತೆ ನೀವು ಹುಡುಕಿಕೊಂಡ ಉತ್ತರಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮುಂದಿನ ವರ್ಷ ಕೋಸಿಗಿಯಿಂದಲೋ ಹಾಲಹರವಿಯಿಂದಲೋ ಕೆಲಸಕ್ಕೆ ಸೇರುವ ಹುಡುಗಿಯೊಬ್ಬಳು ಅದೇ ದೋಷದ ಸಾಲನ್ನು ಗೂಗಲಿಗೆ ಹಾಕಿದಾಗ ಕನ್ನಡದಲ್ಲೊಂದು ಉತ್ತರ ಸಿಗುವಂತೆ ಬರೆದಿಡಿ.

ನಿಮ್ಮ ಅಣ್ಣ,
ಆದವಾನಿಯವನು, ಸದ್ಯ ಬೆಂಗಳೂರಿನಲ್ಲಿ